ಮೆಕ್ಯಾನಿಕ್‌ನ ಕಿವಿ, ಬಾವಿಯ ಆಳ

ಮನೆಯ ಬಾವಿಯ ಪಂಪು ಕೆಟ್ಟಿತ್ತು. ಬಾವಿಕಟ್ಟೆಯ ಮೇಲೆ ಕೂತು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ನ ಕೈ ಜಾರಿ ದೊಡ್ಡ ಸ್ಪ್ಯಾನರ್ ನೀರಿಗೆ ಬಿತ್ತು. ಇಂಜಿನ್‌ ಸದ್ದು ಕೇಳಿಯೇ ರೋಗ ಹೇಳುವವನು ಅವನು. ಆ ಕಿವಿಯೇ ಅವನ ಅನ್ನ.

ಮುಳುಗಿ ಸ್ಪ್ಯಾನರ್ ತರಲೆಂದು ಅಂಗಿ ಬಿಚ್ಚಿ, ಹತ್ತಿಗೆ ಗ್ರೀಸ್ ಮೆತ್ತಿ ಉಂಡೆ ಕಟ್ಟತೊಡಗಿದ.

"ಏನು ಭಾವ ಅದು?" ನಾದಿನಿ ಕೇಳಿದಳು. ಅವಳು ಕಿವಿ ಡಾಕ್ಟರ ಹತ್ತಿರ ನರ್ಸು.

"ಕಿವಿಗೆ ಆಯಿಲ್ ಸೀಲ್! ಒಂದು ಹನಿ ಒಳಗೆ ಹೋಗಲ್ಲ."

"ಹನಿಗಲ್ಲ ಭಾವ, ಒತ್ತಡಕ್ಕೆ ಹೆದರಬೇಕು. ಆಳಕ್ಕೆ ಹೋದಷ್ಟೂ ನೀರಿನ ಭಾರ ಜಾಸ್ತಿ. ಸಾಲದ್ದಕ್ಕೆ ನಿಮಗೆ ನೆಗಡಿ ಬೇರೆ, ಮೂಗಿನಿಂದ ಕಿವಿಗೆ ಗಾಳಿ ಹೋಗೋ ದಾರಿ ಕಟ್ಟಿರುತ್ತೆ."

ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿದು, ಕಲ್ಲು ಕಟ್ಟಿ ಹಗ್ಗದಲ್ಲಿ ಇಳಿಸಿದಳು. ತಿಳಿನೀರಿನಲ್ಲಿ ಬಾಟಲಿಯ ಕೆನ್ನೆ ಮೆಲ್ಲಗೆ ಒಳಸೇರಿತು.

"ಅದು ಪ್ಲಾಸ್ಟಿಕ್. ಇದು ಇಂಜಿನ್ ಎತ್ತಿದ ಎದೆ!"

"ಪೆಟ್ಟು ಬೀಳೋದು ಎದೆಗಲ್ಲ, ಕಿವಿ ತಮಟೆಗೆ. ಕಾಗದದಷ್ಟು ತೆಳು ಅದು."

"ಬಿಡೇ," ಎಂದಳು ಹೆಂಡತಿ. "ಇವರಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಗೋಡೆ ಎದುರು ಮಾತಾಡಲ್ಲ, ಅಷ್ಟೇ." ಅವಳು ಇನ್ನೂ ಏನೋ ಹೇಳುತ್ತಿದ್ದಳು. ಅವನು ಹತ್ತಿ ತುರುಕಿಕೊಂಡು ಧುಮುಕಿದ.

ಮೊದಲು ಹಿತವಾದ ಮೌನ. ಒಂದಾಳು ಆಳ ಇಳಿಯುವಷ್ಟರಲ್ಲಿ ಕಿವಿಯೊಳಗೆ ಯಾರೋ ಬೋಲ್ಟ್ ಬಿಗಿದಂತಾಯಿತು. ಹಠದಿಂದ ಇನ್ನಷ್ಟು ಇಳಿದ. ಬೋಲ್ಟ್ ಇನ್ನಷ್ಟು ಬಿಗಿಯಿತು. ಒದ್ದಾಡಿಕೊಂಡು ಮೇಲೆ ಬಂದ.

ಹತ್ತಿ ತೆಗೆದರೂ ಮೌನ ಹೋಗಲಿಲ್ಲ. ಬೈಕ್ ಚಾಲೂ ಮಾಡಿ ಕಿವಿ ಹಚ್ಚಿದ. ಇಂಜಿನ್ ನಡುಗುವುದು ಕೈಗೆ ತಿಳಿಯಿತು, ಕಿವಿಗೆ ತಿಳಿಯಲಿಲ್ಲ. ನಾದಿನಿ ಅವನನ್ನು ತನ್ನ ಡಾಕ್ಟರ ಹತ್ತಿರ ಕರೆದೊಯ್ದಳು.

ತಮಟೆ ಊದಿದೆ, ಪುಣ್ಯಕ್ಕೆ ಹರಿದಿಲ್ಲ ಎಂದರು ಡಾಕ್ಟರು. ಮನೆಗೆ ಬಂದರೆ ಸ್ಪ್ಯಾನರ್ ಮೇಜಿನ ಮೇಲಿತ್ತು. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಹೆಂಡತಿ ಎತ್ತಿದ್ದಳು.

"ಮೊದಲೇ ಹೇಳಬಾರದಿತ್ತಾ?" ಎಂದ ದೊಡ್ಡ ದನಿಯಲ್ಲಿ.

"ಹೇಳ್ತಾನೇ ಇದ್ದೆ. ಸೀಲ್ ಹಾಕ್ಕೊಂಡ್ರಲ್ಲ!" ಅವಳು ಕೂಗಿದಳು.

ಮುಂದಿನ ವಾರ ಊಟದ ನಡುವೆ ಹೊರಗೆ ಲಾರಿಯೊಂದು ಹಾದುಹೋಯಿತು. ಅವನು ತಟ್ಟನೆ ತಲೆ ಎತ್ತಿದ. "ಆ ಲಾರಿಯ ಬೇರಿಂಗ್ ಹೋಗಿದೆ!"

ಹೆಂಡತಿ ಕಣ್ಣೊರೆಸಿಕೊಂಡಳು. "ಸದ್ಯ! ಇನ್ನು ಬೈದದ್ದು ವ್ಯರ್ಥ ಆಗಲ್ಲ."

ನೀವೂ ಈಜುವವರೇ? ನೆಗಡಿ ಇದ್ದಾಗ ಆಳಕ್ಕೆ ಇಳಿಯಬೇಡಿ. ಕಿವಿಗೆ ಏನನ್ನೂ ತುರುಕಬೇಡಿ. ಇಳಿಯುವಾಗ ನೋವು ಬರುವ ಮೊದಲೇ ಬಾಯಿ ಮುಚ್ಚಿ, ಮೂಗು ಹಿಡಿದು, ಮೆಲ್ಲಗೆ ಉಸಿರು ಒತ್ತಿ. ಆದರೂ ನೋಯುತ್ತದೆಯೇ? ಹಠ ಬೇಡ, ಮೇಲೆ ಬನ್ನಿ. ದಡದಲ್ಲಿ ಈಜು ಬಲ್ಲವರೊಬ್ಬರು ಇರಲಿ. ಅವರ ಮಾತು ಮುಗಿದ ಮೇಲೆಯೇ ನೀರಿಗಿಳಿಯಿರಿ.