ಕೆಂಪು ಗುರುತಿನ ಪ್ಲೇಟು

ಮುಚ್ಚಳ ತೆರೆದರೆ ಪ್ರಯೋಗಾಲಯದ ಈ ಪ್ಲೇಟಿನಲ್ಲೂ ಹಸಿರು ಮೊಳಕೆ. ಸಂಶೋಧಕಿ ಮುಖಗವಸಿನೊಳಗೇ ನಕ್ಕಳು. ಉಪ್ಪು ನೆಲದಲ್ಲೂ ಬದುಕುವ ಭತ್ತ ಮಾಡಬೇಕೆಂದು ಅವಳು ಐದು ವರ್ಷದಿಂದ ಭತ್ತದ ಜೀವಕೋಶಗಳೊಳಗೆ ಬೇರೊಂದು ಗಿಡದ ಜೀನ್ ಸೇರಿಸಲು ಹೆಣಗುತ್ತಿದ್ದಳು. ಹಾಗೆ ಸೇರಿಸಿದ ಮೇಲೆ ಆ ಕೋಶಗಳನ್ನು ವಿಷದಂಥ ಮದ್ದು ಬೆರೆಸಿದ ಆಹಾರದ ಮೇಲೆ ಇಡಬೇಕು. ಜೀನಿನ ಜೊತೆ ಮದ್ದು ತಡೆಯುವ ಗುಣವೂ ಹೋಗುವುದರಿಂದ, ಜೀನ್ ಹೊಕ್ಕಿದ್ದರೆ ಬದುಕುತ್ತವೆ, ಇಲ್ಲದಿದ್ದರೆ ಸಾಯುತ್ತವೆ. ಇಷ್ಟು ವರ್ಷವೂ ಒಂದೂ ಬಿಡದೆ ಸತ್ತಿದ್ದವು. ಈ ವಾರಕ್ಕೆ ಅವಳ ಕೆಲಸದ ಅವಧಿ ಮುಗಿಯುತ್ತಿತ್ತು. ಒಂದು ಗಿಡವಾದರೂ ಬಂದರೆ ಮಾತ್ರ ಮುಂದುವರಿಕೆ.

“ಅಣ್ಣಾ, ಎಲ್ಲಾ ನಿಮ್ಮ ಕೈಗುಣ. ಸರ್ ಆಗ್ಲೇ ಮೇಲಿನವರಿಗೆ ಹೇಳಿಬಿಟ್ಟಿದ್ದಾರೆ. ಅಮ್ಮನಿಗೂ ಫೋನ್ ಮಾಡ್ದೆ. ಇನ್ಮೇಲೆ ಅವಳು ನನ್ನನ್ನ ಪ್ಲೇಟು ತೊಳೆಯೋಳು ಅನ್ನಲ್ವಂತೆ.”

ಬಾಗಿಲಲ್ಲಿದ್ದವನು ಇಪ್ಪತ್ತು ವರ್ಷದಿಂದ ಕೋಶಗಳ ಆಹಾರ ಬೇಯಿಸುತ್ತಿದ್ದ ಸಹಾಯಕ. ಎಲ್ಲರಿಗೂ ಅವನು ಅಡುಗೆಯಣ್ಣ. ಈ ಹೊತ್ತು ಅವನು ನಗಲಿಲ್ಲ.

“ಕೆಂಪು ಗುರುತಿನದು ನೋಡಿದ್ರಾ?”

“ಜೀನ್ ಹಾಕದೇ ಬರೀ ಹೋಲಿಕೆಗೆ ಇಟ್ಟಿರೋದ್ರಲ್ಲಿ ನೋಡೋಕೇನಿದೆ? ಸತ್ತು ಕಪ್ಪಾಗಿರುತ್ತೆ.”

“ಒಂದ್ಸಲ ನೋಡಿ ಮೇಡಂ.”

ಕಪಾಟಿನ ಕೆಳಗಿನ ಅರೆಯ ಮೂಲೆಯಿಂದ ಅವನೇ ಅದನ್ನು ತಂದಿಟ್ಟ. ಅದರಲ್ಲೂ ಮೊಳಕೆ ಎದ್ದಿತ್ತು, ಉಳಿದವಕ್ಕಿಂತ ಸೊಂಪಾಗಿ. ಮದ್ದು ಯಾವುದನ್ನೂ ಕೊಂದಿರಲಿಲ್ಲ. ಅಷ್ಟೂ ಪ್ಲೇಟುಗಳಲ್ಲಿ ಬೆಳೆದದ್ದು ಜೀನ್ ಹೊಗದ ಬರೀ ಹಳೆಯ ಭತ್ತ.

ಬೆಂದ ಆಹಾರ ಆರಿದ ಮೇಲಷ್ಟೇ ಮದ್ದು ಹಾಕಬೇಕು, ಬಿಸಿಯಲ್ಲಿ ಅದು ಕೆಡುತ್ತದೆ. ಅಡುಗೆಯಣ್ಣ ಬಾಟಲಿಯನ್ನು ಕೆನ್ನೆಗೊತ್ತಿ ಹದ ನೋಡುತ್ತಿದ್ದ. ಥರ್ಮಾಮೀಟರ್ ಕೊಟ್ಟರೆ, ಅದಕ್ಕಿನ್ನೂ ಅನುಭವ ಸಾಲದು ಎನ್ನುತ್ತಿದ್ದ. ಅವನ ಕೆನ್ನೆ ಒಮ್ಮೆಯೂ ತಪ್ಪಿರಲಿಲ್ಲ.

“ಇದನ್ನ ಬೇಯಿಸಿದ ದಿನ ಹಲ್ಲುನೋವಿತ್ತಲ್ಲ. ಕೆನ್ನೆ ಊದ್ಕೊಂಡು ಕಾದುಹೋಗಿತ್ತು. ಬಾಟ್ಲಿನೇ ತಣ್ಣಗಿದೆ ಅನ್ನಿಸ್ತು,” ಎಂದ. “ಇಷ್ಟೊಂದು ಬದುಕಿವೆ ಅಂತ ನೀವಂದಾಗ್ಲೇ ನಂಗೆ ಭಯ ಆಯ್ತು.”

ಬೈಯಬೇಕೆಂದು ಬಾಯಿ ತೆರೆದಳು. ಆದರೆ ಬೆಳಿಗ್ಗೆ ಮೊದಲು ನೋಡಬೇಕಾದದ್ದು ಕೆಂಪು ಗುರುತಿನದನ್ನೇ ಎಂದು ಅವಳಿಗೂ ಗೊತ್ತಿತ್ತು. ನೋಡುವ ಮನಸ್ಸಾಗಿರಲಿಲ್ಲ, ಅಷ್ಟೇ.

“ಮತ್ತೆ ಬೇಯಿಸ್ಲಾ?”

“ಮೊಳಕೆ ಬರೋಕೆ ಮೂರು ತಿಂಗಳು ಬೇಕು. ನಂಗಿರೋದು ಮೂರು ದಿನ ಅಣ್ಣಾ.”

ಜೀನ್ ಹಾಕಿ ನೋಡಿದ ಪ್ಲೇಟುಗಳನ್ನು ಹಾಗೇ ಎಸೆಯುವಂತಿಲ್ಲ, ಹಬೆಯಲ್ಲಿ ಬೇಯಿಸಿಯೇ ಬಿಸಾಡಬೇಕು. ಇಬ್ಬರೂ ಒಂದೊಂದಾಗಿ ದೊಡ್ಡ ಕುಕ್ಕರಿಗೆ ಜೋಡಿಸಿದರು. ಮೇಜಿನ ಮೇಲೆ ಫೋನ್ ಬಡಿದುಕೊಂಡಿತು. ಅಮ್ಮ. ಅವಳು ಅದನ್ನು ಕವುಚಿ ಹಾಕಿದಳು.

ಕೊನೆಗೆ ಕೆಂಪು ಗುರುತಿನದು ಉಳಿಯಿತು. ಅಡುಗೆಯಣ್ಣ ಕೈ ಚಾಚಿದ. “ಇದಕ್ಕೆ ಜೀನ್ ಹಾಕೇ ಇಲ್ವಲ್ಲ, ಬೆಳೀಲಿ,” ಎಂದು ಅವಳು ಕೊಡಲಿಲ್ಲ. ಖಾಲಿಯಾದ ಅರೆಯ ಮೇಲೆ, ದೀಪದ ಕೆಳಗೆ ಅದೊಂದನ್ನೇ ಇಟ್ಟಳು. ಮೊಳಕೆಗಳು ಮುಚ್ಚಳಕ್ಕೆ ತಾಗಿ ಬಾಗಿದ್ದವು. ಹಿಂದೆ ಕುಕ್ಕರಿನಲ್ಲಿ ಹಬೆ ಏರತೊಡಗಿತ್ತು.