ಸೋತವರ ಸರದಿ

ನಮ್ಮ ಮಾವ, ನನ್ನ ಗಂಡನ ಅಪ್ಪ, ಕುದುರೆ ರೇಸಿನ ಮೈದಾನದಲ್ಲಿ ತೂಕದ ಕೋಣೆಯ ಗುಮಾಸ್ತರಾಗಿದ್ದವರು. ಓಟಕ್ಕೆ ಮುಂಚೆ ಜಾಕಿಯನ್ನು ಜೀನಿನ ಸಮೇತ ತೂಗುವುದು, ಓಟ ಮುಗಿದ ಮೇಲೆ ಮತ್ತೆ ತೂಗಿ ಎರಡೂ ತಾಳೆಯಾಗುತ್ತದೆಯೇ ಎಂದು ನೋಡುವುದು, ಇದೇ ಅವರ ಕೆಲಸ. ಅಲ್ಲಿ ಕೆಲಸ ಮಾಡುವವರು ಬಾಜಿ ಕಟ್ಟುವಂತಿಲ್ಲ. ಮಾವ ನಿವೃತ್ತರಾದ ಮೇಲೂ ಕಟ್ಟಲಿಲ್ಲ. ಆದರೆ ಯಾವ ಕುದುರೆ ಯಾಕೆ ಗೆಲ್ಲುತ್ತದೆ ಎಂದು ಮಾತಾಡುವುದಕ್ಕೆ ಯಾರ ಅಡ್ಡಿ? ರೇಸಿನ ದಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರ ಸ್ನೇಹಿತರು ಸೇರಿದರೆಂದರೆ, ಪಕ್ಕದಲ್ಲೇ ಬಟ್ಟೆ ಹೊಲಿಯುತ್ತಿದ್ದ ನನಗೆ ನನ್ನ ಯಂತ್ರದ ಸದ್ದೇ ಕೇಳಿಸುತ್ತಿರಲಿಲ್ಲ.

ಆ ಕೂಟಕ್ಕೆ ಒಂದು ಕಟ್ಟುಪಾಡು ಇತ್ತು, ಮಾವನೇ ಮಾಡಿದ್ದು. ಓಟಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಕುದುರೆ ಯಾವುದು, ಯಾಕೆ ಎಂದು ಹೇಳಬೇಕು. ಓಟ ಮುಗಿದ ಮೇಲೆ ಗೆದ್ದವರು ಬಾಯಿ ಬಿಡುವಂತಿಲ್ಲ, ಸೋತವರೇ ಮಾತಾಡಬೇಕು. ಎಲ್ಲಿ ಲೆಕ್ಕ ತಪ್ಪಿತು, ಏನನ್ನು ನೋಡಲಿಲ್ಲ ಎಂದು ಒಪ್ಪಿಸಬೇಕು. "ಗೆದ್ದೋನು ಮಾತಾಡಿದ್ರೆ ಬರೀ ಜಂಬ ಕೇಳ್ಬೇಕಾಗತ್ತೆ" ಎನ್ನುತ್ತಿದ್ದರು. ಸೋತಾಗ ಮಾವ ಮಾತಾಡುವುದನ್ನು ಕೇಳಬೇಕಿತ್ತು ನೀವು. ಒಂದು ಸೋಲಿನ ಹಿಂದೆ ಇಷ್ಟೆಲ್ಲ ಇರುತ್ತದೆಯೇ ಎಂದು ನಾನು ಸೂಜಿ ಹಿಡಿದುಕೊಂಡು ಹಾಗೇ ಕೂತುಬಿಡುತ್ತಿದ್ದೆ.

ಅಂಥ ಮನುಷ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ತಿರುಗಿ ಹೇಳಲು ಹೋದರೆ ಪದ ಸಿಗುತ್ತಿರಲಿಲ್ಲ. ನೀರು ಬೇಕಾದಾಗ ಒಮ್ಮೆ "ಜೀನು" ಎಂದುಬಿಟ್ಟರು. ತಪ್ಪೆಂದು ಅವರಿಗೂ ಗೊತ್ತಾಯಿತು. ಅವರ ಮುಖ ನೋಡಲಾರದೆ ನಾನು ಒಳಗೆ ಹೋಗಿ ನೀರು ತಂದೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸನ್ನು ನಾವು ಮಾತಿನ ಡಾಕ್ಟರು ಎನ್ನುತ್ತಿದ್ದೆವು. ಆಕೆ ಚಿತ್ರದ ಕಾರ್ಡು ಹಿಡಿದು ಇದೇನು, ಹಸು, ಇದೇನು, ಲೋಟ ಎಂದು ಹೇಳಿಸಲು ನೋಡಿದರು. ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ಆಕೆ ನನ್ನನ್ನು ಹೊರಗೆ ಕರೆದು ಹೇಳಿದರು: "ಬರೋ ಮಾತು ಈ ಕೆಲವು ತಿಂಗಳಲ್ಲೇ ಬರ್ಬೇಕಮ್ಮ, ಆಮೇಲೆ ಕಷ್ಟ. ಅವ್ರಿಗೆ ಯಾವುದ್ರಲ್ಲಿ ಆಸೆ ಇದೆಯೋ ಅದನ್ನೇ ಹಿಡ್ಕೊಳ್ಳಿ. ಒಂದೊಂದು ಪದ ಸಾಲದು, ತಾವಾಗೇ ವಾಕ್ಯ ಕಟ್ಬೇಕು."

ನನಗೋ ಮೂಗಿನ ತುದಿಯಲ್ಲೇ ಕೋಪ. ಮನೆಗೆ ಬಂದವಳೇ ಮಾವನಿಗೆ ಹೇಳಿದೆ: "ಹಸು ಬೇಡ ಅಂದ್ರೆ ಬೇಡ ಬಿಡಿ. ಕುದುರೆ ನೋಡೋಣ. ಶನಿವಾರ ಹೊರಡಿ." ನಮ್ಮನೆಯವರು ನಕ್ಕರು. "ನಿನಗೆ ಕುದುರೆಗೂ ಕತ್ತೆಗೂ ವ್ಯತ್ಯಾಸ ಗೊತ್ತಾ?"

"ಇಷ್ಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದೀನಿ, ಕತ್ತೆ ಗೊತ್ತು" ಎಂದೆ. ಮಾವನ ತುಟಿಯ ಎಡಗಡೆ ಸ್ವಲ್ಪ ಕೊಂಕಿತು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು.

ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋಗಿ, ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತಾಡಿಸುವ ಪ್ಯಾಡಾಕಿನ ಕಂಬಿಯ ಪಕ್ಕ ನಿಲ್ಲಿಸಿದೆ. ಹಳಬರೆಲ್ಲ ಬಂದು ಮಾವನ ಭುಜ ಮುಟ್ಟಿ ಹೋದರು. ನಾನು ಅವರ ಕಟ್ಟುಪಾಡಿನಂತೆಯೇ ಶುರುಮಾಡಿದೆ. "ನಾನು ಆ ಬಿಳಿ ಕುದುರೆ ಹಿಡೀತೀನಿ ಮಾವ. ಯಾಕೆ ಅಂದ್ರೆ, ನೋಡಿ, ಮೈ ಹೆಂಗೆ ಮಿಂಚ್ತಾ ಇದೆ!"

"ಅಲ್ಲ" ಎಂದರು ಮಾವ. ಸ್ಪಷ್ಟವಾಗಿ, ಸಿಟ್ಟಿನಲ್ಲಿ.

ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು ನನಗೆ. ಬಿಳಿ ಕುದುರೆ ಎಲ್ಲಕ್ಕಿಂತ ಹಿಂದೆ ಬಂತು. ಓಟದ ನಂತರ ನನ್ನ ಸರದಿ, ನನ್ನ ಸೋಲನ್ನು ಒಪ್ಪಿಸಿದೆ. ಮಿಂಚಿದ್ದು ಆರೋಗ್ಯವಲ್ಲ ಬೆವರು, ಓಟಕ್ಕೆ ಮುಂಚೆಯೇ ಅದು ಹೆದರಿ ಬೆವೆತಿತ್ತು. ಅದನ್ನು ಮಾವನ ಬೆರಳು ತೋರಿಸಿತು, ನಾನು ಬಾಯಲ್ಲಿ ಹೇಳಿದೆ.

ಹೀಗೆ ವಾರ ವಾರ ಕಲಿತೆ, ಮಾವನ ಬೆರಳಿನಿಂದ, ಅವರ ಹಳೆಯ ಸ್ನೇಹಿತರ ಬಾಯಿಂದ. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ ಹೊರಿಸುತ್ತಾರೆ, ಸಾಧಾರಣದ್ದಕ್ಕೆ ಕಡಿಮೆ, ಎಲ್ಲವೂ ಒಟ್ಟಿಗೆ ಗೆಲುವಿನ ಕಂಬ ಮುಟ್ಟಲಿ ಎಂದು. "ಅಂದ್ರೆ ಕೆಲಸ ಮಾಡೋರ ಮೇಲೇ ಇನ್ನಷ್ಟು ಹೇರೋದು. ನಮ್ಮನೆ ಪದ್ಧತಿ ಇದು" ಎಂದು, ಜೊತೆಗೆ ಬಂದಿದ್ದ ನಮ್ಮನೆಯವರ ಕಡೆ ನೋಡಿದೆ, ಅವರು ಆಕಾಶ ನೋಡಿದರು. ಗೆದ್ದ ಕುದುರೆಗಿಂತ ನಾಲ್ಕನೆಯದಾಗಿ ಬಂದದ್ದನ್ನು ಗಮನಿಸಬೇಕು ಎಂದೂ ಕಲಿತೆ. ದಾರಿ ಸಿಗದೆ ಸೋತದ್ದು ಮುಂದಿನ ಸಲ ದಾರಿ ಸಿಕ್ಕರೆ ಗೆದ್ದೀತು. ದೇಹದ ಅಳತೆ ತೆಗೆಯುವ ಕಸುಬು ನನ್ನದು, ಹೆಗಲು ಬಿಗಿದು ಹೆಜ್ಜೆ ಚಾಚಲಾರದ ಕುದುರೆ ಬೇಗ ಕಣ್ಣಿಗೆ ಬೀಳುತ್ತಿತ್ತು. ಒಂದು ಶನಿವಾರ ನನ್ನ ಕುದುರೆ ಗೆದ್ದಿತು. ಅದನ್ನೇ ಮಾವನೂ ತೋರಿಸಿದ್ದರು. ಮುಂದಿನ ವಾರವೂ ಹಾಗೇ ಆಯಿತು.

ಮಾವ ಮೆಚ್ಚಿ ತಲೆಯಾಡಿಸಿದರು. ಅಷ್ಟೇ. "ಅಲ್ಲ" ಇಲ್ಲ, "ತಪ್ಪು" ಇಲ್ಲ, ಹೊಸದಾಗಿ ಬಂದಿದ್ದ "ದಡ್ಡಿ" ಕೂಡ ಇಲ್ಲ. ನಾನು ಸರಿಯಾದಷ್ಟೂ ಅವರು ಸುಮ್ಮನಾದರು. ನನಗೆ ದಿಗಿಲಾಯಿತು. ಮಾತಿನ ಡಾಕ್ಟರು ಹೇಳಿದ ತಿಂಗಳುಗಳು ಸರಿಯುತ್ತಿದ್ದವು, ವಾಕ್ಯವೆಂಬುದು ಒಂದೂ ಬಂದಿರಲಿಲ್ಲ. ಇದ್ದ ನಾಲ್ಕು ಪದಗಳೂ ಹೋಗಿಬಿಟ್ಟರೆ?

ಆದ್ದರಿಂದ ಬೇಕೆಂದೇ ತಪ್ಪು ಹೇಳತೊಡಗಿದೆ. ನನ್ನ ಕಣ್ಣಿಗೆ ಸರಿಯೆನಿಸಿದ ಕುದುರೆಯನ್ನು ಬಿಟ್ಟು ಬೇರೊಂದನ್ನು ಹಿಡಿಯುತ್ತಿದ್ದೆ. ಮಾವ "ತಪ್ಪು" ಎಂದು ಗದರುತ್ತಿದ್ದರು, ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಓಟ ಮುಗಿದ ಮೇಲೆ, ಮಾವನ ಕುದುರೆಯೂ ಸೋತಿದ್ದ ದಿನ ಕೂಡ, ಯಾಕೆ ಸೋತೆ ಎಂದು ನಾನೇ ಉದ್ದಕ್ಕೆ ಹೇಳುತ್ತಿದ್ದೆ. ನಮ್ಮನೆಯವರು, "ನಿನ್ನ ನಾಲಿಗೆಗೆ ಒಳ್ಳೇ ಚಿಕಿತ್ಸೆ ಆಗ್ತಾ ಇದೆ" ಎಂದು ರೇಗಿಸಿದರು. ನಾನು ಅದನ್ನು ತಮಾಷೆ ಎಂದುಕೊಂಡು ಬಿಟ್ಟುಬಿಟ್ಟೆ.

ಆ ಶನಿವಾರ ಎರಡನೆಯ ಓಟಕ್ಕೆ ನಾನು ಒಂದು ಮುದಿ ಕುದುರೆಯನ್ನು ಹಿಡಿದೆ. ನೆಟ್ಟಗೆ ನಡೆಯಲೂ ಬಾರದ್ದು. "ಇದರ ಮುಖದಲ್ಲಿ ಏನೋ ಕಳೆ ಇದೆ ಮಾವ" ಎಂದೆ. ಮಾವ ಬೈಯಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಎಡಗೈ ಮುಷ್ಟಿ ಮಾಡಿ ಎದೆಯ ಕಡೆ ಎಳೆದುಕೊಂಡರು, ಜಾಕಿ ಲಗಾಮು ಜಗ್ಗುವ ಹಾಗೆ. ಗೆಲ್ಲುವ ಕುದುರೆಯನ್ನು ಬೇಕೆಂದೇ ಹಿಂದಕ್ಕೆಳೆದು ಸೋಲಿಸುವ ಜಾಕಿಗಳುಂಟು, ಮಾವನಿಗೆ ಅಂಥವರನ್ನು ಕಂಡರೆ ಆಗುತ್ತಿರಲಿಲ್ಲ.

"ಯಾವ ಜಾಕಿ ಮಾವ? ಯಾರು ಎಳೀತಿದಾರೆ?" ಎಂದು ಪ್ಯಾಡಾಕಿನ ಕಡೆ ನೋಡಿದೆ.

ಅವರ ಬೆರಳು ಅತ್ತ ಹೋಗಲಿಲ್ಲ. ನನ್ನ ಎದೆಯ ಕಡೆ ಬಂತು.

ನನಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನಿಸಿತು. ಅಳುವೂ ಬಂತು, ಅದರ ಬೆನ್ನಿಗೇ ಕೋಪವೂ ಬಂತು. "ಮತ್ತೇನ್ ಮಾಡ್ಲಿ? ನಾನು ಸರಿ ಹೇಳಿದ್ರೆ ನೀವು ಬಾಯೇ ಬಿಡಲ್ಲ! ನಿಮ್ಮ ಒಂದು 'ತಪ್ಪು' ಕೇಳೋಕೆ ನಾನು ವಾರವೆಲ್ಲ ಕಾಯ್ತೀನಿ, ಗೊತ್ತಾ ನಿಮ್ಗೆ?" ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಮಾವ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಆಮೇಲೆ ಅದನ್ನು ಬಿಟ್ಟು, ಮುಷ್ಟಿಯನ್ನು ಮುಂದಕ್ಕೆ ಚಾಚಿ ಬಿಚ್ಚಿದರು. ಲಗಾಮು ಬಿಡು ಎಂದು.

ಮೂರನೆಯ ಓಟಕ್ಕೆ ನಾನು ಕಣ್ಣೊರೆಸಿಕೊಂಡು ನೆಟ್ಟಗೆ ನಿಂತೆ. ಕುದುರೆಗಳು ಸುತ್ತ ಬಂದವು. ಮಾವನ ಬೆರಳು ದೊಡ್ಡ ಕಂದು ಕುದುರೆಯನ್ನು ತೋರಿಸಿತು. ಊರಿಗೂರೇ ಅದರ ಮೇಲೆ ಬಾಜಿ ಕಟ್ಟಿತ್ತು, ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತಿದ್ದೂ ಅದೇ. ನಾನು ಸಣ್ಣ ಕಪ್ಪು ಹೆಣ್ಣುಕುದುರೆಯನ್ನು ಹಿಡಿದೆ. "ಹೋದ ಸಲ ತಿರುವಲ್ಲಿ ಇದಕ್ಕೆ ದಾರಿ ಸಿಗ್ಲಿಲ್ಲ. ಈಗ ಭಾರ ಕಡಿಮೆ. ಆಮೇಲೆ, ಹಿಂದಿನ ಓಟ ಮುಗಿಸಿ ಬಂದ ಕುದುರೆಗಳ ಕಾಲಿಗೆ ಮಣ್ಣು ಮೆತ್ತಿತ್ತು ಮಾವ. ಇವತ್ತು ನೆಲಕ್ಕೆ ನೀರು ಜಾಸ್ತಿ ಬಿಟ್ಟಿದಾರೆ. ಭಾರದ ಕುದುರೆ ಹೂತುಕೊಳ್ಳತ್ತೆ." ಬೇಕೆಂದೇ ತಪ್ಪು ಹೇಳಿದ್ದಲ್ಲ, ನಿಜವಾಗಿಯೂ ನನಗೆ ಹಾಗೇ ಅನಿಸಿತ್ತು. ಮಾವ ತೋರಿಸಿದ್ದನ್ನು ಬಿಟ್ಟು, ನನ್ನ ಕಣ್ಣನ್ನೇ ನಂಬಿ ನಾನು ಕುದುರೆ ಹಿಡಿದದ್ದು ಅದೇ ಮೊದಲು. ಅವರು ತಲೆಯಾಡಿಸಲೂ ಇಲ್ಲ, ಗದರಲೂ ಇಲ್ಲ.

ಓಟ ಶುರುವಾಯಿತು. ಕಂದು ಕುದುರೆ ಮುಂದಿತ್ತು. ಕೊನೆಯ ತಿರುವು ದಾಟಿದ ಮೇಲೆ ಅದರ ಹೆಜ್ಜೆ ಕುಗ್ಗಿತು. ಕಪ್ಪು ಹೆಣ್ಣುಕುದುರೆ ಹೊರಗಡೆಯಿಂದ ಬಂತು, ಬರುತ್ತಲೇ ಇತ್ತು, ಗೆದ್ದೇ ಬಿಟ್ಟಿತು. ಕಂದು ನಾಲ್ಕನೆಯದಾಯಿತು. ನಾನು ಚಿಕ್ಕ ಮಕ್ಕಳ ಹಾಗೆ ಕುಣಿದು, ಆಮೇಲೆ ತಟ್ಟನೆ ನಿಂತೆ.

ಗೆದ್ದವರು ಬಾಯಿ ಬಿಡುವಂತಿಲ್ಲ. ಈ ಸಲ ಸೋತವರು ಮಾವ.

ಆಗ ನನಗೆ ಹೊಳೆಯಿತು. ಇಷ್ಟು ದಿನ ಪ್ರೀತಿಯಿಂದಲೇ ಸೋತು ಸೋತು, ಅವರ ಸರದಿಯನ್ನೆಲ್ಲ ನಾನೇ ನುಂಗಿ ಹಾಕಿದ್ದೆ. ಅವರಿಗೆ ಉಳಿಸಿದ್ದು ಬರೀ "ತಪ್ಪು" ಎನ್ನುವ ಒಂದು ಪದ.

ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಮಾವ ನೆಲ ನೋಡಿದರು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಪದವನ್ನು ನಾನೇ ಎತ್ತಿಕೊಡಬೇಕೆಂದು ಜೀವ ಚಡಪಡಿಸಿತು. ನಾಲಿಗೆ ಕಚ್ಚಿ ಹಿಡಿದೆ.

"ನೆಲ... ಹಸಿ" ಎಂದರು ಮಾವ. ಉಸಿರು ತೆಗೆದುಕೊಂಡರು. "ಕಂದು... ಭಾರ ಜಾಸ್ತಿ. ನಾನು... ಕಾಲು... ಕಾಲಿನ ಮಣ್ಣು... ನೋಡ್ಲಿಲ್ಲ."

ವಾಕ್ಯ. ತಾವಾಗೇ ಕಟ್ಟಿದ ವಾಕ್ಯ. ನಾನು ಕಣ್ಣೀರು ಒರೆಸುವ ಗೋಜಿಗೆ ಹೋಗಲಿಲ್ಲ. ಅವರ ಕೂಟದಲ್ಲಿ ಅಷ್ಟಕ್ಕೇ ಯಾರನ್ನೂ ಬಿಡುತ್ತಿರಲಿಲ್ಲ, ಯಾಕೆ ನೋಡಲಿಲ್ಲ ಎಂದು ಕೇಳಲೇಬೇಕು. ಆ ಪ್ರಶ್ನೆಯೊಂದನ್ನು ಗೆದ್ದವರೂ ಕೇಳಬಹುದಿತ್ತು.

"ಯಾಕೆ ನೋಡ್ಲಿಲ್ಲ ಮಾವ? ಕಾಲಿನ ಮಣ್ಣು ನೀವು ನೋಡದೆ ಇರ್ತೀರಾ?"

ಮಾವ ತಡವರಿಸಿದರು. ಬಾಯಿಗೆ ಯಾವುದೋ ಬೇರೆ ಪದ ಬಂತು, ಅಲ್ಲವೆಂದು ತಾವೇ ತಲೆ ಕೊಡವಿ ಅದನ್ನು ಬಿಟ್ಟರು. ಆಮೇಲೆ ನನ್ನ ತಲೆಯ ಮೇಲೆ ಎಡಗೈ ಇಟ್ಟರು.

"ಮಗಳು... ಅಳ್ತಿದ್ಲು" ಎಂದರು. "ನಾನು... ಅವಳನ್ನ ನೋಡ್ತಿದ್ದೆ."