ಮೂರೂರಿಗೂ ಸುದ್ದಿ

ಅಪ್ಪನ ಹೆಣಕ್ಕೆ ನೀರು ಹುಯ್ಯಲು ಕೊಡ ಎತ್ತಿದ ಪುಟ್ಟತಾಯಮ್ಮ ಹಾಗೇ ನಿಂತಳು. ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಜನ ಬರುತ್ತಿದ್ದರು. ಮುಂದೆ ಹೊಸೂರಿನವರು, ಹಿಂದೆ ಗೌರಿಪುರದವರು. ಅವಳು ಹೇಳಿಕಳಿಸಿದ್ದು ಕೊಪ್ಪಲಿನವರಿಗೆ ಮಾತ್ರ.

"ಇಷ್ಟು ಜನಕ್ಕೆ ಯಾರವ್ವಾ ಹೇಳಿದ್ದು?" ಎಂದಳು ನೆರೆಮನೆಯ ಬೆಟ್ಟಮ್ಮ.

"ನಂಗೊತ್ತಿಲ್ಲ ಕಣಕ್ಕ."

* * *

ಕೊಪ್ಪಲಿನಲ್ಲಿ ಯಾರೇ ಸತ್ತರೂ ಮನೆಮನೆಯ ಬಾಗಿಲು ತಟ್ಟಿ, ಮಣ್ಣಾಗುವ ತನಕ ಒಲೆ ಹಚ್ಚಬೇಡಿ ಎಂದು ಹೇಳಿಬರುವುದು, ಮಣ್ಣಾದ ಮೇಲೆ ಮತ್ತೆ ಬಂದು ಹಚ್ಚಿ ಅನ್ನುವುದು ಮುದ್ದಯ್ಯನ ಕೆಲಸ. ಮೂವತ್ತು ವರ್ಷ ಹಾಗೇ ನಡೆಯಿತು. ತೊಂಬತ್ತಾರರಲ್ಲಿ ಕೊಪ್ಪಲು, ಹೊಸೂರು, ಗೌರಿಪುರ ಮೂರನ್ನೂ ಕೂಡಿಸಿ ಪಟ್ಟಣ ಪಂಚಾಯಿತಿ ಮಾಡಿದರು. ಕಚೇರಿಗೆ ಬೋರ್ಡು ಹಾಕಿದ ದಿನ, ಪಾಂಡವಪುರದಿಂದ ಬಂದಿದ್ದ ಅಧಿಕಾರಿಯನ್ನು ಮುದ್ದಯ್ಯ ಕೇಳಿದ.

"ಸ್ವಾಮಿ, ಇನ್ಮೇಲೆ ಮೂರೂ ಒಂದೇ ಊರಾ?"

"ಹೌದಪ್ಪ, ಒಂದೇ."

"ಅಂಗಾರೆ ಒಬ್ರು ಸತ್ರೆ ಮೂರು ಕಡೀಕೂ ಹೇಳ್ಬೇಕು."

ಅಧಿಕಾರಿ ನಕ್ಕರು. ಮುದ್ದಯ್ಯ ನಗಲಿಲ್ಲ.

ಆ ತಿಂಗಳೇ ಕೊಪ್ಪಲಿನ ಮುದುಕಿಯೊಬ್ಬಳು ತೀರಿಕೊಂಡಳು. ಮುದ್ದಯ್ಯ ಎರಡು ಮೈಲಿ ನಡೆದು ಹೊಸೂರಿನ ಕೆಂಪಣ್ಣನ ಬಾಗಿಲು ತಟ್ಟಿದ.

"ನಿಮ್ಮೂರ್ ಮುದ್ಕಿ ಸತ್ರೆ ನಮ್ಮನೆ ಒಲೆ ಯಾಕ್ಲಾ ಆರ್ಬೇಕು? ಬೆಳಬೆಳಗ್ಗೆ ಸಾವ ಹೊತ್ಕೊಂಡ್ ಬಂದವ್ನೆ! ನಡೀಲಾ ಆಚೆ!"

ಕೆಂಪಣ್ಣ ದೂಡಿದ ರಭಸಕ್ಕೆ ಮುದ್ದಯ್ಯ ಜಗುಲಿಯಿಂದ ಕೆಳಗೆ ಬಿದ್ದ. ಎದ್ದು, ಪಂಚೆ ಕೊಡವಿಕೊಂಡು, ಪಕ್ಕದ ಮನೆಗೆ ಹೋದ.

ಎರಡು ವರ್ಷ ಬಿಡದೆ ತಿರುಗಿದ. ಆ ಎರಡೂರುಗಳಲ್ಲಿ ಒಂದು ಮನೆಯವರೂ ಒಲೆ ಆರಿಸಲಿಲ್ಲ.

* * *

ಅಂಗಳಕ್ಕೆ ಮೊದಲು ಕಾಲಿಟ್ಟವನು ಕೆಂಪಣ್ಣನೇ.

"ಯಾರವ್ವಾ ಸತ್ತಿರೋದು? ಮುದ್ದಯ್ಯ ಎಲ್ಲಿ?"

ಪುಟ್ಟತಾಯಮ್ಮ ಅವನನ್ನೇ ನೋಡಿದಳು.

"ಬೆಳಕರಿಯೋ ಹೊತ್ಗೆ ಬಂದು ಬಾಗ್ಲು ತಟ್ದ. ಒಲೆ ಹಚ್ಬ್ಯಾಡಿ ಅಂದ. ಯಾರ್ಲಾ ಹೋದೋರು ಅಂದ್ರೆ ತಿರುಗಿ ನೋಡ್ದೆ ಹೊಂಟೋದ. ಯಾವತ್ತೂ ಹೆಸ್ರು ಹೇಳ್ದೆ ಹೋದೋನಲ್ಲ, ದಿಗಿಲಾಗಿ ಬಂದೆ."

ಅವಳು ಹೆಣದ ಮುಖದ ಮೇಲಿನ ಹೊದಿಕೆ ಸರಿಸಿದಳು.

"ನಮ್ಮಪ್ಪ ನೆನ್ನೆ ಹೊತ್ತು ಮುಳುಗೋವಾಗ್ಲೇ ಹೋಯ್ತು. ಆಗಿಂದ ನಾನು ಪಕ್ಕದಲ್ಲೇ ಕೂತಿವ್ನಿ."

ಕೆಂಪಣ್ಣ ಬಾಗಿ ಮುದ್ದಯ್ಯನ ಮುಖ ನೋಡಿದ.

"ನಮ್ಮನೇಗೂ ಬಂದಿದ್ದ," ಎಂದರು ಗೌರಿಪುರದವರೊಬ್ಬರು, ಮೆಲ್ಲಗೆ.

ಚಟ್ಟ ಎತ್ತುವಾಗ ಕೆಂಪಣ್ಣ ಚಪ್ಪಲಿ ಬಿಟ್ಟು ಬಂದು ಹೆಗಲು ಕೊಟ್ಟ. ಹಾದಿಯುದ್ದಕ್ಕೂ ಹೆಗಲು ಬದಲಿಸಲು ಒಪ್ಪಲಿಲ್ಲ.

ಮಣ್ಣು ಮುಗಿಸಿ ಅವನು ಹೊಸೂರಿಗೆ ಮರಳಿದಾಗ ಸಂಜೆಯಾಗಿತ್ತು. ಹೆಂಡತಿ ಬೆಂಕಿಪೊಟ್ಟಣ ಹಿಡಿದು ತಣ್ಣಗಿನ ಒಲೆಯ ಮುಂದೆ ಕೂತಿದ್ದಳು.

"ಎಲ್ಲಾ ಆಯ್ತು. ಹಚ್ಚು," ಎಂದ.

"ಆಯ್ತು ಅಂತ ಬಂದು ಹೇಳೋನು ಅವ್ನೇ ಅಲ್ವಾ? ಬರ್ಲಿ. ಆಮ್ಯಾಕೆ ಹಚ್ತೀನಿ."

ಕೆಂಪಣ್ಣ ಹೊರಗೆ ಬಂದ. ಬೀದಿಯ ಅಷ್ಟೂ ಬಾಗಿಲುಗಳು ತೆರೆದಿದ್ದವು. ದೀಪವಿಲ್ಲದ ಹೊಸಿಲುಗಳ ಮೇಲೆ ಹೆಂಗಸರು ಸದ್ದಿಲ್ಲದೆ ಕೂತಿದ್ದರು. ಎಲ್ಲರ ಮುಖವೂ ಕೊಪ್ಪಲಿನ ಕಡೆಗಿತ್ತು.